ಮನೆಮಂದಿಯ ಫೋಟೊ, ಕ್ರಿಸ್ಮಸ್ ಕಾರ್ಡು ಮತ್ತು ವಾಡಿ ಮೇಲೆ ಹೋದ ಅಂಚೆ

ಈ ವಾರದ ಮಾತುಕತೆಯ ಬರಹ ರೂಪ ಇದು. ಮೆಟ್ರೊದಲ್ಲಿ ಕೂತು ವಿಡಿಯೊ ನೋಡೋಕೆ ಆಗಲ್ಲ, ಓದೋದೇ ಸಲೀಸು ಅನ್ನೋರಿಗಾಗಿ. ಮಾತಾಡುವಾಗ ಅವಸರದಲ್ಲಿ ಬಿಟ್ಟುಹೋದ ಕೆಲವು ವಿಷಯ ಇಲ್ಲಿ ಸೇರಿಸಿದೀನಿ.

ಡಿಸೆಂಬರ್ ಬಂತು ಅಂದ್ರೆ ನಮ್ಮ ಬೇಗಂಪೇಟೆಯ ಅಪಾರ್ಟ್‌ಮೆಂಟುಗಳಲ್ಲಿ ಒಂದು ಹೊಸ ಕೆಲಸ ಶುರುವಾಗುತ್ತೆ. ಮನೆಮಂದಿಯೆಲ್ಲ ಒಂದೇ ಬಣ್ಣದ ಬಟ್ಟೆ ಹಾಕ್ಕೊಂಡು, ಮಕ್ಕಳ ತಲೆಗೆ ಕೆಂಪು ಟೋಪಿ ಇಟ್ಟು, ಫೋಟೊ ತೆಗೆಸಿ, ಅದನ್ನ ಕಾರ್ಡು ಮಾಡಿ ಕಳಿಸೋದು. ಕ್ರೈಸ್ತರ ಮನೆಗಳಲ್ಲಿ ಹಬ್ಬದ ಕಾರ್ಡು, ಉಳಿದವರ ಮನೆಗಳಲ್ಲಿ ಹೊಸ ವರ್ಷದ ಕಾರ್ಡು. ಹಿಂದಿನ ಸಂಚಿಕೆ ನೋಡಿದ ಮೂರ್ನಾಲ್ಕು ಜನ ಒಂದೇ ಪ್ರಶ್ನೆ ಕೇಳಿದ್ರು: "ಟೋಪಿ, ಮರ, ನಕ್ಷತ್ರ ಬಿಟ್ಟು ಬೇರೆ ಏನಾದ್ರೂ ಐಡಿಯಾ ಇದ್ರೆ ಹೇಳಿ." ಐಡಿಯಾ ಹುಡುಕ್ತಾ ಹೋದಾಗ ಇತಿಹಾಸದಲ್ಲೇ ಬೇಕಾದಷ್ಟು ಸಿಕ್ತು. ಆ ಇತಿಹಾಸದ ಒಂದು ಮುಖ್ಯ ಕೊಂಡಿ ನಾವು ದಿನಾ ಓಡಾಡೋ ಈ ಊರಲ್ಲೇ, ನಾವು ಊರಿಗೆ ಹೋಗೋ ರೈಲು ಹಳಿಯ ಮೇಲೇ ಇದೆ.

ಮೊದಲೇ ಒಂದು ಮಾತು ಹೇಳಿಬಿಡ್ತೀನಿ. ಈ ಫೋಟೊ ಕಾರ್ಡಿನ ಕಥೆ ಊರು ಬಿಟ್ಟವರ ಕಥೆ. ಮನೆಯಿಂದ ದೂರ ಇದ್ದವರು, "ನಾವು ಇಷ್ಟು ಜನ, ಇಂಥ ಊರಲ್ಲಿ, ಈ ವರ್ಷ ಹೀಗಿದ್ದೀವಿ" ಅಂತ ಹೇಳೋಕೆ ಇದನ್ನ ಬಳಸಿದ್ರು. ಆ ಕೆಲಸ ಮಾಡಿದ ಕಾರ್ಡುಗಳು ನೂರು ವರ್ಷ ಆದ್ಮೇಲೂ ಮಾತಾಡ್ತವೆ. ಬರೀ ಚೆಂದ ಕಂಡ ಕಾರ್ಡುಗಳು ಮೂಕವಾಗಿ ಕೂತಿವೆ.

ಒಂದೇ ವರ್ಷ, ಎರಡು ಕಲ್ಲಚ್ಚು

1843. ಕನ್ನಡದವರಿಗೆ ಈ ಇಸವಿ ಗೊತ್ತಿರಲೇಬೇಕು. ಆ ವರ್ಷ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ 'ಮಂಗಳೂರು ಸಮಾಚಾರ' ಹೊರತಂದ್ರು. ಕನ್ನಡದ ಮೊದಲ ಪತ್ರಿಕೆ. ಅಚ್ಚಾಗಿದ್ದು ಕಲ್ಲಚ್ಚಿನಲ್ಲಿ, ಅಂದ್ರೆ ನುಣುಪಾದ ಕಲ್ಲಿನ ಮೇಲೆ ಬರೆದು ಅದರಿಂದ ಪ್ರತಿ ತೆಗೆಯೋ ವಿಧಾನ.

ಅದೇ ವರ್ಷದ ಕೊನೆಗೆ ಲಂಡನ್ನಿನಲ್ಲಿ ಹೆನ್ರಿ ಕೋಲ್ ಅನ್ನೋ ಅಧಿಕಾರಿ ಒಂದು ಕಾರ್ಡು ಮಾಡಿಸಿದ. ಅದೂ ಕಲ್ಲಚ್ಚಿನದ್ದೇ, ಆಮೇಲೆ ಕೈಯಿಂದ ಬಣ್ಣ ತುಂಬಿದ್ದು. ಚಿತ್ರ ಬರೆದವನು ಜಾನ್ ಕ್ಯಾಲ್ಕಾಟ್ ಹಾರ್ಸ್ಲಿ. ಸುಮಾರು 1000 ಪ್ರತಿ, ಬೆಲೆ ಒಂದೊಂದಕ್ಕೆ ಒಂದು ಶಿಲಿಂಗು. ಮಾರಾಟಕ್ಕೆ ಬಂದ ಮೊದಲ ಕ್ರಿಸ್ಮಸ್ ಕಾರ್ಡು ಅಂತ ಲೋಕ ಗುರುತಿಸೋದು ಇದನ್ನೇ.

ಕೋಲ್‌ಗೆ ಯಾಕೆ ಬೇಕಾಯ್ತು? 1840ರಲ್ಲಿ ಬ್ರಿಟನ್ನಿನಲ್ಲಿ ಪೆನ್ನಿ ಅಂಚೆ ಶುರುವಾಗಿತ್ತು. ದೇಶದ ಯಾವ ಮೂಲೆಗಾದ್ರೂ ಒಂದು ಪೆನ್ನಿಗೆ ಕಾಗದ ಹೋಗ್ತಿತ್ತು. ಆ ಸುಧಾರಣೆಗೆ ದುಡಿದವರಲ್ಲಿ ಕೋಲ್ ಕೂಡ ಒಬ್ಬ. ಅಂಚೆ ಅಗ್ಗ ಆದದ್ದೇ ಎಲ್ಲರೂ ಬರೆಯೋಕೆ ಶುರು ಮಾಡಿದ್ರು. ಬಂದ ಕಾಗದಕ್ಕೆಲ್ಲ ಉತ್ತರ ಬರೆಯೋದು ಆತನ ಕೈಲಿ ಆಗಲಿಲ್ಲ. ಅದಕ್ಕೆ ಒಂದು ಟೆಂಪ್ಲೇಟು ಮಾಡ್ಕೊಂಡ: ಮೇಲೆ ಯಾರಿಗೆ, ಕೆಳಗೆ ಯಾರಿಂದ ಅನ್ನೋ ಜಾಗ ಮಾತ್ರ ಖಾಲಿ. ಇನ್‌ಬಾಕ್ಸ್ ತುಂಬಿ ಹರಿದಾಗ ನಾವು ಮಾಡೋದೂ ಅದೇ ಅಲ್ವಾ?

ಆ ಕಾರ್ಡಿನ ಚಿತ್ರ ನೋಡಿ. ಮಧ್ಯದಲ್ಲಿ ಮೂರು ತಲೆಮಾರಿನ ಒಂದು ಕುಟುಂಬ ಊಟದ ಮೇಜಿನ ಸುತ್ತ ಕೂತು, ಲೋಟ ಎತ್ತಿ, ನೇರ ನಮ್ಮ ಕಡೆ ನೋಡ್ತಿದೆ. ಎಡ-ಬಲದ ಎರಡು ಚಿಕ್ಕ ಚೌಕಟ್ಟಿನಲ್ಲಿ ಬಡವರಿಗೆ ಊಟ ಕೊಡೋದು, ಬಟ್ಟೆ ಕೊಡೋದು. ಮಧ್ಯದ ಚಿತ್ರದಲ್ಲಿ ಒಂದು ಚಿಕ್ಕ ಮಗುವಿಗೂ ವೈನ್ ಕುಡಿಸ್ತಿರೋದು ಕಾಣುತ್ತೆ, ಅದಕ್ಕೆ ಪಾನನಿಷೇಧದವರು ಗಲಾಟೆ ಮಾಡಿದ್ರು. ನಮಗೆ ಬೇಕಾದ ಅಂಶ ಏನಂದ್ರೆ, ಮೊದಲ ಕಾರ್ಡಿನ ಮೇಲೆ ಇದ್ದದ್ದು ಒಂದು ಕುಟುಂಬ. ಹಿಮ, ಜಿಂಕೆ, ಗಾಡಿ ಯಾವುದೂ ಮುಖ್ಯ ಆಗಿರಲಿಲ್ಲ.

ಒಂದು ಗಾಜು, ಎಂಟು ಫೋಟೊ

ಚಿತ್ರ ಬರೆಸೋದು ದುಬಾರಿ. ಫೋಟೊ ಕೂಡ ಮೊದಮೊದಲು ಶ್ರೀಮಂತರ ಸ್ವತ್ತಾಗಿತ್ತು. ಅದನ್ನ ಬದಲಾಯಿಸಿದ್ದು ಪ್ಯಾರಿಸ್ಸಿನ ಆಂದ್ರೆ ದಿಸ್ದೇರಿ. 1854ರಲ್ಲಿ ಪೇಟೆಂಟ್ ತಗೊಂಡ ಆತನ ಉಪಾಯ ತುಂಬಾ ಸರಳ: ಹಲವು ಲೆನ್ಸ್ ಇರೋ ಕ್ಯಾಮೆರಾದಿಂದ ಒಂದೇ ಗಾಜಿನ ಪ್ಲೇಟಿನ ಮೇಲೆ ಎಂಟು ಚಿಕ್ಕ ಚಿತ್ರ ತೆಗೆಯೋದು, ಒಂದೇ ಸಲ ಪ್ರಿಂಟ್ ಹಾಕೋದು, ಕತ್ತರಿಸಿ ದಪ್ಪ ರಟ್ಟಿಗೆ ಅಂಟಿಸೋದು. ಒಂದೊಂದರ ಅಳತೆ ಸುಮಾರು ಎರಡೂವರೆ ಇಂಚು ಅಗಲ, ನಾಲ್ಕು ಇಂಚು ಉದ್ದ. ಇದರ ಹೆಸರು 'ಕಾರ್ಟ್ ದ ವಿಸಿತ್', ಭೇಟಿ ಚೀಟಿ ಅಂತ ಅರ್ಥ.

ಒಂದೇ ಫೋಟೊದ ಹತ್ತಾರು ಪ್ರತಿ ಅಗ್ಗಕ್ಕೆ ಸಿಕ್ಕಾಗ ಜನ ಏನು ಮಾಡ್ತಾರೆ? ಹಂಚ್ತಾರೆ. 1860ರಲ್ಲಿ ಜಾನ್ ಮೇಯಾಲ್ ತೆಗೆದ ವಿಕ್ಟೋರಿಯಾ ರಾಣಿಯ ಮನೆಮಂದಿಯ ಫೋಟೊಗಳು ಈ ಅಳತೆಯಲ್ಲಿ ಮಾರಾಟಕ್ಕೆ ಬಂದವು. ರಾಜಮನೆತನವೇ ಹೀಗೆ ಕೂತು ಫೋಟೊ ತೆಗೆಸಿದೆ ಅಂದ್ಮೇಲೆ ಮಧ್ಯಮ ವರ್ಗದ ಮನೆಮನೆಯಲ್ಲೂ ಆಲ್ಬಮ್ಮು ಬಂತು. ದಂಡಿಗೆ ಸೇರಿದ ಮಗ, ಮದುವೆಯಾಗಿ ದೂರ ಹೋದ ಮಗಳು, ಎಲ್ಲರೂ ತಮ್ಮ ಫೋಟೊ ಕಳಿಸೋಕೆ ಶುರು ಮಾಡಿದ್ರು. ಹಾಗೆ ಮನೆ ಬಿಟ್ಟು ಅತಿ ದೂರ ಬಂದವರಲ್ಲಿ ಒಂದು ದೊಡ್ಡ ಗುಂಪು ನಮ್ಮ ಪಕ್ಕದ ಸಿಕಂದರಾಬಾದಿನ ಕಂಟೋನ್ಮೆಂಟಿನಲ್ಲಿತ್ತು.

ಎಂಜಿನಿಯರ್ ಒಬ್ಬರು ಹೈದರಾಬಾದಿಗೆ ಬಂದ್ರು

ಸಿಕಂದರಾಬಾದ್ ಹುಟ್ಟಿದ್ದು 1806ರಲ್ಲಿ, ನಿಜಾಮ ಸಿಕಂದರ್ ಜಾ ಹೆಸರಲ್ಲಿ, ಬ್ರಿಟಿಷ್ ಸೈನ್ಯದ ನೆಲೆಯಾಗಿ. ನಮ್ಮ ಬೇಗಂಪೇಟೆ ಈ ದಂಡಿನ ಊರಿಗೂ ನಿಜಾಮರ ಹೈದರಾಬಾದಿಗೂ ನಡುವೆ ಬಿದ್ದ ಜಾಗ. 1897ರ ಆಗಸ್ಟಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಪರಾವಲಂಬಿ ಕಂಡದ್ದೂ ಇಲ್ಲೇ. ಆ ಕಟ್ಟಡ ಹಳೇ ಏರ್‌ಪೋರ್ಟ್ ಹತ್ತಿರ ಇವತ್ತಿಗೂ ಇದೆ. ಮಲೇರಿಯಾ ಅನ್ನೋ ಮಾತನ್ನ ಸ್ವಲ್ಪ ನೆನಪಲ್ಲಿ ಇಟ್ಕೊಳ್ಳಿ.

ಈ ಊರಿಗೆ 1886ರ ಹೊತ್ತಿಗೆ ಒಬ್ಬರು ಬಂದು ಫೋಟೊ ಸ್ಟುಡಿಯೊ ತೆರೆದ್ರು. ಹೆಸರು ಲಾಲಾ ದೀನ್ ದಯಾಳ್. ಹುಟ್ಟಿದ್ದು 1844ರಲ್ಲಿ, ಮೀರತ್ ಹತ್ತಿರದ ಸರ್ಧಾನಾದಲ್ಲಿ. ಓದಿದ್ದು ರೂರ್ಕಿಯ ಥಾಮ್ಸನ್ ಸಿವಿಲ್ ಎಂಜಿನಿಯರಿಂಗ್ ಕಾಲೇಜಿನಲ್ಲಿ. ಇಂದೋರಿನಲ್ಲಿ ಲೋಕೋಪಯೋಗಿ ಇಲಾಖೆಯಲ್ಲಿ ಎಸ್ಟಿಮೇಟರ್, ಡ್ರಾಫ್ಟ್ಸ್‌ಮನ್ ಕೆಲಸ. ಹವ್ಯಾಸಕ್ಕೆ ಕ್ಯಾಮೆರಾ ಹಿಡಿದವರು ಅದನ್ನೇ ವೃತ್ತಿ ಮಾಡ್ಕೊಂಡು, ಸರ್ಕಾರಿ ನೌಕರಿ ಬಿಟ್ಟು ಇಲ್ಲಿಗೆ ಬಂದ್ರು. ಆರನೇ ನಿಜಾಮ ಮಹಬೂಬ್ ಅಲಿ ಖಾನ್ ಅವರನ್ನ ಆಸ್ಥಾನದ ಛಾಯಾಗ್ರಾಹಕರನ್ನಾಗಿ ಮಾಡಿ, ಮುಸವ್ವಿರ್ ಜಂಗ್ ಅಂತ ಬಿರುದು ಕೊಟ್ರು. 1905ರಲ್ಲಿ ಅವರು ತೀರಿಕೊಂಡ್ರು. ಅವರ ಸ್ಟುಡಿಯೊದ 2,800ಕ್ಕೂ ಹೆಚ್ಚು ಗಾಜಿನ ನೆಗೆಟಿವ್‌ಗಳು ಈಗ ದೆಹಲಿಯ ಇಂದಿರಾಗಾಂಧಿ ರಾಷ್ಟ್ರೀಯ ಕಲಾ ಕೇಂದ್ರದಲ್ಲಿ ಇವೆ.

ಎಂಜಿನಿಯರಿಂಗ್ ಓದಿ, ಬೇರೆ ಊರಿಂದ ಹೈದರಾಬಾದಿಗೆ ಬಂದು, ಕಡೆಗೆ ಬೇರೆಯದೇ ಕೆಲಸದಲ್ಲಿ ಹೆಸರು ಮಾಡಿದವರು. ನಮ್ಮ ಚಾನೆಲ್ ನೋಡೋರಲ್ಲಿ ಅರ್ಧ ಜನಕ್ಕೆ ಇವರು ಹತ್ತಿರದವರು ಅನ್ನಿಸಬೇಕು.

ಅವರ ಗಿರಾಕಿಗಳಲ್ಲಿ ನವಾಬರು, ಪಾಯ್ಗಾ ಮನೆತನದವರು ಇದ್ದ ಹಾಗೆ ಕಂಟೋನ್ಮೆಂಟಿನ ಬ್ರಿಟಿಷ್ ಅಧಿಕಾರಿಗಳು, ಅವರ ಹೆಂಡತಿ-ಮಕ್ಕಳೂ ಇದ್ರು. ಮಲೇರಿಯಾ, ಕಾಲರಾ ಇದ್ದ ಕಾಲ. ದೂರದ ಅಜ್ಜಿಗೆ ಮೊಮ್ಮಗುವಿನ ಫೋಟೊ ಬರೀ ಅಲಂಕಾರ ಆಗಿರಲಿಲ್ಲ. ಮಗು ಬದುಕಿದೆ, ನಿಂತಿದೆ, ಕೆನ್ನೆ ತುಂಬಿದೆ ಅನ್ನೋದಕ್ಕೆ ಪುರಾವೆ ಅದು.

ವಾಡಿ ಜಂಕ್ಷನ್ ದಾಟಿ ಲಂಡನ್ನಿಗೆ

ಆ ಫೋಟೊ ಹೋಗ್ತಿದ್ದ ದಾರಿ ಯಾವುದು ಗೊತ್ತಾ? 1874ರಲ್ಲಿ ನಿಜಾಮರ ರೈಲು ಸಿಕಂದರಾಬಾದಿನಿಂದ ವಾಡಿಗೆ ಶುರುವಾಯ್ತು. ಇವತ್ತು ಬೇಗಂಪೇಟೆ ಸ್ಟೇಷನ್ ಇರೋದು ಅದೇ ಹಳಿಯ ಮೇಲೆ. ವಿಕಾರಾಬಾದ್, ತಾಂಡೂರು, ಸೇಡಂ, ಮಳಖೇಡ, ಚಿತ್ತಾಪುರ, ವಾಡಿ. ವಾಡಿಯಲ್ಲಿ ಮುಂಬಯಿಯ ದೊಡ್ಡ ಹಳಿ ಸೇರಿ ಕಲಬುರಗಿ, ಸೋಲಾಪುರ, ಪುಣೆ, ಮುಂಬಯಿ. ಅಲ್ಲಿಂದ ಹಡಗು. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಆಫ್ರಿಕಾ ಸುತ್ತೋ ದಾರಿ ತಪ್ಪಿತ್ತು. ಆದ್ರೂ ಮುಂಬಯಿಯಿಂದ ಲಂಡನ್ನಿಗೆ ಎರಡು-ಮೂರು ವಾರ ಹಿಡೀತಿತ್ತು. ಡಿಸೆಂಬರ್ 25ಕ್ಕೆ ತಲುಪಬೇಕು ಅಂದ್ರೆ ನವೆಂಬರಿನಲ್ಲೇ ಫೋಟೊ ತೆಗೆಸಿ, ಪ್ರಿಂಟ್ ಹಾಕಿಸಿ, ಟಪಾಲಿಗೆ ಹಾಕಬೇಕು.

ನಾನು ಸೇಡಂ ಕಡೆಯವನು. ಊರಿಗೆ ಹೋಗುವಾಗಲೆಲ್ಲ ಮಳಖೇಡ ರೋಡ್ ಬೋರ್ಡು ಕಂಡರೆ ನೃಪತುಂಗನ ಮಾನ್ಯಖೇಟ ನೆನಪಾಗ್ತಿತ್ತು. ಈಗ ಇನ್ನೊಂದೂ ನೆನಪಾಗುತ್ತೆ: ನೂರಾ ಮೂವತ್ತು ವರ್ಷದ ಹಿಂದೆ ಇದೇ ಹಳಿಯ ಮೇಲೆ, ಅಂಚೆ ಡಬ್ಬಿಯಲ್ಲಿ, ಯಾರದೋ ಮಕ್ಕಳ ಫೋಟೊಗಳು ರಾತ್ರಿಯೆಲ್ಲ ಪ್ರಯಾಣ ಮಾಡ್ತಿದ್ವು.

ಅಂಚೆ ದರದ ಕಥೆಯೂ ಹೇಳಬೇಕು. ಹೈದರಾಬಾದ್ ಸಂಸ್ಥಾನಕ್ಕೆ ತನ್ನದೇ ಅಂಚೆ, ತನ್ನದೇ ಚೀಟಿ ಇತ್ತು, 1869ರಿಂದ. ಆದ್ರೆ ಆ ಚೀಟಿ ಸಂಸ್ಥಾನದ ಒಳಗೆ ಮಾತ್ರ ನಡೀತಿತ್ತು. ಹೊರಗೆ ಕಳಿಸೋಕೆ ಬ್ರಿಟಿಷ್ ಇಂಡಿಯಾದ ಅಂಚೆ ಬೇಕಿತ್ತು. ಬ್ರಿಟಿಷ್ ಇಂಡಿಯಾದಲ್ಲಿ 1879ರ ಜುಲೈ 1ರಿಂದ ಕಾಲಾಣೆಯ ಪೋಸ್ಟ್‌ಕಾರ್ಡ್ ಬಂತು. ಆಮೇಲೆ 1898ರ ಡಿಸೆಂಬರ್ 25, ಕ್ರಿಸ್ಮಸ್ ದಿನವೇ, ಸಾಮ್ರಾಜ್ಯದ ಹಲವು ದೇಶಗಳ ನಡುವೆ ಪೆನ್ನಿ ಅಂಚೆ ಜಾರಿಯಾಯ್ತು. ಇಲ್ಲಿಂದ ಬ್ರಿಟನ್ನಿಗೆ ಒಂದು ಆಣೆಗೆ ಕಾಗದ. ಆ ಸಂದರ್ಭಕ್ಕೆ ಕೆನಡಾ ಒಂದು ಭೂಪಟದ ಚೀಟಿ ತಂದು, ಅದರ ಮೇಲೆ ಕ್ರಿಸ್ಮಸ್ 1898 ಅಂತಲೇ ಅಚ್ಚು ಹಾಕ್ತು. ಕೋಲ್ ಕಾಲದ ಕಥೆಯೇ ಮತ್ತೆ: ಅಂಚೆ ಅಗ್ಗ ಆದಾಗಲೆಲ್ಲ ಕಾರ್ಡು ಹೆಚ್ಚುತ್ತೆ.

ಇದು ಬರೀ ಅಧಿಕಾರಿಗಳ ಮಾತಲ್ಲ. ನಮ್ಮ ಕರಾವಳಿಗೆ ಬನ್ನಿ. ಮೋಗ್ಲಿಂಗ್ ಸೇರಿದ್ದ ಬಾಸೆಲ್ ಮಿಷನ್ 1853ರಲ್ಲಿ ಒಂದು ನಿಯಮ ಮಾಡ್ತು. ಹೊರದೇಶದಲ್ಲಿ ದುಡಿಯೋ ಮಿಷನರಿಗಳು ಮಕ್ಕಳನ್ನ ಓದಿಗಾಗಿ ಯುರೋಪಿಗೆ ಕಳಿಸಬೇಕು. ಬಾಸೆಲ್‌ನಲ್ಲಿ ಅವರಿಗಾಗಿ ಮಕ್ಕಳ ಮನೆ ಶುರುವಾಯ್ತು. ಆರೇಳು ವರ್ಷದ ಮಗುವನ್ನ ಹಡಗು ಹತ್ತಿಸಿದ ಮಂಗಳೂರಿನ ಒಬ್ಬ ತಾಯಿಗೆ ಆಮೇಲೆ ಆ ಮಗು ಬೆಳೆಯೋದು ಕಂಡದ್ದು ಕಾಗದ ಮತ್ತು ಫೋಟೊದಲ್ಲಿ ಮಾತ್ರ. ಮಗ ಎಷ್ಟೆತ್ತರ ಆದ ಅಂತ ತಿಳಿಯೋಕೆ ಫೋಟೊದಲ್ಲಿ ಅವನ ಪಕ್ಕ ಇರೋ ಕುರ್ಚಿ ನೋಡ್ಬೇಕು. ಆನ್‌ಸೈಟ್ ಹೋದವರಿಗೆ, ಮಗುವನ್ನ ಊರಲ್ಲಿ ಅಜ್ಜಿ ಹತ್ತಿರ ಬಿಟ್ಟು ಬಂದವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಚೌಕಟ್ಟಿನೊಳಗಿದ್ದೂ ಹೆಸರಿಲ್ಲದವರು

ಈಗ ಆ ಕಾಲದ ಫೋಟೊಗಳನ್ನ ಸ್ವಲ್ಪ ಹತ್ತಿರದಿಂದ ನೋಡೋಣ. ಭಾರತದಲ್ಲಿದ್ದ ಬ್ರಿಟಿಷ್ ಕುಟುಂಬಗಳ ಫೋಟೊ ಸಾವಿರಾರು ಉಳಿದಿವೆ. ಒಂದು ಜೋಡಣೆ ಮತ್ತೆಮತ್ತೆ ಬರುತ್ತೆ. ಸಾಹೇಬರು, ಮೇಡಂ, ಮಕ್ಕಳು. ಅಂಚಿನಲ್ಲಿ ಮಗುವನ್ನ ಎತ್ಕೊಂಡ ಒಬ್ಬ ಆಯಾ. ಕೆಲವೊಮ್ಮೆ ಹಿಂದೆ ಸಾಲಾಗಿ ನಿಂತ ಅಡುಗೆಯವರು, ಭಿಸ್ತಿ, ಮಾಲಿ. ಹಿಂಬದಿ ತಿರುಗಿಸಿದ್ರೆ ಸಾಹೇಬರ ಹೆಸರು, ಮಕ್ಕಳ ಹೆಸರು, ಕೆಲವು ಸಲ ನಾಯಿಯ ಹೆಸರೂ ಇರುತ್ತೆ. ಆಯಾಗೆ ಬಹಳ ಸಲ "ಆಯಾ" ಅಂತ ಮಾತ್ರ. ಮಗುವಿಗೆ ಆಕೆ ತಾಯಿಗಿಂತ ಹತ್ತಿರ ಇದ್ದಿರಬಹುದು. ಆಕೆಯ ಮೊಮ್ಮಕ್ಕಳು ಯಾರಾದರೂ ಇಂದು ಈ ಊರಲ್ಲೇ ಇದ್ರೂ, ಆ ಫೋಟೊ ಎದುರಿಗೆ ಬಂದ್ರೂ, ಗುರುತು ಹಿಡಿಯೋ ದಾರಿ ಇಲ್ಲ. ಮುಖ ಉಳೀತು, ಮನುಷ್ಯಳು ಕಳೆದುಹೋದಳು.

ಇದಕ್ಕೆ ಎದುರಾಗಿ ಇನ್ನೊಂದು ವಿಷಯ. 1892ರಲ್ಲಿ ದೀನ್ ದಯಾಳ್ ಹೈದರಾಬಾದಿನಲ್ಲಿ ಪರದೆಯ ಹೆಂಗಸರಿಗಾಗಿಯೇ ಒಂದು ಜನಾನಾ ಸ್ಟುಡಿಯೊ ತೆರೆದ್ರು. ಸುತ್ತ ಎತ್ತರದ ಗೋಡೆ. ಅದನ್ನ ನಡೆಸಿದ್ದು ಶ್ರೀಮತಿ ಕೆನ್ನಿ-ಲೆವಿಕ್ ಅನ್ನೋ ಇಂಗ್ಲಿಷ್ ಮಹಿಳೆ. ಫೋಟೊ ತೆಗೆಯೋರು ಯಾರು, ಯಾರ ಕಣ್ಣಿಗೆ ಬೀಳಬೇಕು, ಯಾರ ಕಣ್ಣಿಗೆ ಬೀಳಬಾರದು ಅನ್ನೋದು ಆಗಲೂ ದೊಡ್ಡ ಪ್ರಶ್ನೆಯೇ. ನಮ್ಮ ಕಾಲದಲ್ಲಿ ಒಂದು ಫೋಟೊ ಸ್ಟೇಟಸ್‌ಗೆ ಹೋಗಿ, ಅಲ್ಲಿಂದ ಮೂರು ಗ್ರೂಪಿಗೆ ಹೋಗುತ್ತೆ. ಗೋಡೆ ಕಟ್ಟೋಕಾಗಲ್ಲ. ಕಾಗದದ ಕಾರ್ಡು ಮಾತ್ರ ಯಾರ ವಿಳಾಸಕ್ಕೆ ಬರೆದ್ವೋ ಅವರ ಮನೆಗೇ ಹೋಗುತ್ತೆ. ಅದೂ ಒಂದು ಅನುಕೂಲ.

ಬರೆಯೋಕೆ ಕಿಟಕಿ ಇದ್ದ ಕ್ಯಾಮೆರಾ

ಫೋಟೊ ಮತ್ತು ಕ್ರಿಸ್ಮಸ್ ಕಾರ್ಡು ಒಂದಾಗಿದ್ದು ಯಾವಾಗ? ಒಂದು ಪ್ರಸಿದ್ಧ ಕಥೆ ಇದೆ. ಅಮೆರಿಕದ ಗುರಿಕಾರ್ತಿ ಆನಿ ಓಕ್ಲಿ 1891ರಲ್ಲಿ ಬಫಲೊ ಬಿಲ್‌ನ ಕಂಪನಿ ಜೊತೆ ಸ್ಕಾಟ್ಲೆಂಡಿನ ಗ್ಲಾಸ್ಗೊದಲ್ಲಿದ್ದಳು. ಹಬ್ಬಕ್ಕೆ ಮನೆಗೆ ಹೋಗೋಕಾಗಲ್ಲ. ಆ ಊರಿನ ಚೌಕಳಿ ಬಟ್ಟೆ ಉಟ್ಟು ಫೋಟೊ ತೆಗೆಸಿ, ಅದನ್ನೇ ಕಾರ್ಡು ಮಾಡಿ ಊರಿನವರಿಗೆ ಕಳಿಸಿದಳು ಅಂತಾರೆ. ತನ್ನದೇ ಫೋಟೊ ಇರೋ ಮೊದಲ ಕ್ರಿಸ್ಮಸ್ ಕಾರ್ಡು ಅದು ಅಂತ ಹೇಳೋರಿದ್ದಾರೆ. ಮೊದಲನೆಯದೋ ಅಲ್ಲವೋ, ಐಡಿಯಾ ಮಾತ್ರ ಭೇಷ್: ಇರೋ ಊರಿನ ಬಟ್ಟೆಯಲ್ಲಿ, ಬಿಟ್ಟು ಬಂದ ಊರಿಗೆ ಶುಭಾಶಯ.

1903ರಲ್ಲಿ ಕೊಡಾಕ್ ಕಂಪನಿ 3ಎ ಅನ್ನೋ ಮಡಚೋ ಕ್ಯಾಮೆರಾ ತಂತು. ಅದರ ನೆಗೆಟಿವ್ ಅಳತೆ ಮೂರೂಕಾಲು ಇಂಚಿಗೆ ಐದೂವರೆ ಇಂಚು, ಅಂದ್ರೆ ಸರಿಯಾಗಿ ಪೋಸ್ಟ್‌ಕಾರ್ಡಿನಷ್ಟು. ಹಿಂಬದಿಯಲ್ಲಿ ವಿಳಾಸದ ಗೆರೆ ಮೊದಲೇ ಅಚ್ಚಾಗಿದ್ದ ಫೋಟೊ ಕಾಗದದ ಮೇಲೆ ನೇರ ಪ್ರಿಂಟ್ ಹಾಕಿ, ಚೀಟಿ ಹಚ್ಚಿ ಕಳಿಸಬಹುದು. ಮನೆಯ ಮುಂದೆ ನಿಂತ ಕುಟುಂಬ, ಮರುದಿನ ಅಂಚೆಯಲ್ಲಿ.

ನನಗೆ ತುಂಬಾ ಇಷ್ಟವಾದದ್ದು 1914ರ ಆಟೊಗ್ರಾಫಿಕ್ ಕೊಡಾಕ್. ಹೆನ್ರಿ ಗೈಸ್ಮನ್ ಅನ್ನೋನ ಆವಿಷ್ಕಾರ. ಕೊಡಾಕ್ ಅದಕ್ಕೆ 3,00,000 ಡಾಲರ್ ಕೊಟ್ಟಿತು. ಕ್ಯಾಮೆರಾದ ಹಿಂಬದಿಯಲ್ಲಿ ಒಂದು ಚಿಕ್ಕ ಕಿಟಕಿ. ಫೋಟೊ ತೆಗೆದ ತಕ್ಷಣ ಅದನ್ನ ತೆರೆದು, ಜೊತೆಗೇ ಇರೋ ಲೋಹದ ಕಡ್ಡಿಯಿಂದ ಹೆಸರು, ಊರು, ತಾರೀಖು ಬರೆದ್ರೆ ಅದು ಫಿಲ್ಮಿನ ಅಂಚಿನಲ್ಲೇ ಮೂಡುತ್ತೆ. ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳಬೇಕಂದ್ರೆ ಡೇಟಾದ ಜೊತೆಗೇ ಮೆಟಾಡೇಟಾ, ಅದೂ ನೂರಾ ಹತ್ತು ವರ್ಷದ ಹಿಂದೆ. ನಮ್ಮ ಫೋನುಗಳೂ ತಾರೀಖು, ಜಾಗ ಬರೆದಿಡ್ತವೆ ನಿಜ. ಆದ್ರೆ ಆ ಫೋಟೊವನ್ನ ವಾಟ್ಸಾಪಿನಲ್ಲಿ ಫೋಟೊ ಆಗಿ ಕಳಿಸಿದ್ರೆ ಆ ವಿವರ ಕಿತ್ತುಹೋಗುತ್ತೆ. ಯಾರು ಯಾರು ಅನ್ನೋದನ್ನ ಮೊದಲಿಗೂ ಯಾರೂ ಬರೆದಿರಲ್ಲ.

ನಮ್ಮ ಮನೆಗಳಲ್ಲಿ

ನಮ್ಮ ಕಡೆ ಈ ಪದ್ಧತಿ ಬೇರೆ ಬೇರೆ ರೂಪದಲ್ಲಿ ಬಂತು. ಪೇಟೆಯ ಸ್ಟುಡಿಯೊದಲ್ಲಿ ಬಣ್ಣ ಬಳಿದ ಪರದೆ, ಅದರ ಮುಂದೆ ಕುರ್ಚಿ, ಕುರ್ಚಿಯ ಮೇಲೆ ಅಜ್ಜ, ಹಿಂದೆ ನಿಂತ ಮಕ್ಕಳು. ದೂರ ಇದ್ದವರ, ತೀರಿಹೋದವರ ಫೋಟೊವನ್ನ ಕೈಯಲ್ಲಿ ಹಿಡಿದು ಕೂತಿರೋರು. ಇಲ್ಲದ ಮಗನ ಮುಖವನ್ನ ಮೂಲೆಯ ದುಂಡು ಚೌಕಟ್ಟಿನಲ್ಲಿ ಸೇರಿಸಿಕೊಡ್ತಿದ್ದ ಸ್ಟುಡಿಯೊದವರು. ಈ ಜಾಣ್ಮೆ ಫೋಟೊಶಾಪಿಗಿಂತ ಎಷ್ಟೋ ಹಳೇದು.

ಕಾರ್ಡಿನ ಮಾತಿಗೆ ಬಂದ್ರೆ, ನಮ್ಮ ವಯಸ್ಸಿನವರಿಗೆಲ್ಲ ಡಿಸೆಂಬರಿನ 'ಗ್ರೀಟಿಂಗ್ಸ್' ಅಂಗಡಿ ನೆನಪಿರುತ್ತೆ. ಹಗ್ಗಕ್ಕೆ ನೇತುಹಾಕಿದ ಕಾರ್ಡು, ಸಿನಿಮಾ ನಟರದ್ದು, ಗುಲಾಬಿಯದ್ದು. ಲಕೋಟೆಯ ಬಾಯಿ ಅಂಟಿಸದೆ ಒಳಗೆ ಮಡಚಿ, ಮೇಲೆ 'ಬುಕ್ ಪೋಸ್ಟ್' ಅಂತ ಬರೆದ್ರೆ ಕಡಿಮೆ ದರ. ಆಮೇಲೆ ಎಸ್ಸೆಮ್ಮೆಸ್ಸು ಬಂತು, ಅಂಗಡಿ ಹೋಯ್ತು.

ಬೀದರ್, ಕಲಬುರಗಿ, ರಾಯಚೂರು 1956ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಬೀದರ್ ಕಡೆ ಮೆಥಡಿಸ್ಟ್ ಮಿಷನ್ ಕೆಲಸ ಮಾಡಿದ್ದರಿಂದ ಅಲ್ಲಿ ಕನ್ನಡ ಮಾತಾಡೋ ಕ್ರೈಸ್ತ ಕುಟುಂಬಗಳು ಸಾಕಷ್ಟಿವೆ. ಓದು, ಕೆಲಸ ಅಂತ ಹೈದರಾಬಾದಿಗೆ ಬಂದವರೂ ಬಹಳ. ಅಂಥ ಮನೆಯ ಗೆಳೆಯನೊಬ್ಬ ಇದೇ ಬೇಗಂಪೇಟೆಯಲ್ಲಿ ನಮ್ಮ ಮನೆಯಿಂದ ಎರಡು ಗಲ್ಲಿ ಆಚೆ ಇದ್ದಾನೆ. ಅವನ ಮನೇಲಿ ಒಂದು ಬಿಸ್ಕತ್ತಿನ ತಗಡಿನ ಡಬ್ಬಿ ಇದೆ. ಅದರಲ್ಲಿ ವರ್ಷಕ್ಕೊಂದು ಕ್ರಿಸ್ಮಸ್ ಫೋಟೊ. ಚರ್ಚಿನಿಂದ ಬಂದ ಮೇಲೆ, ಹೊಸ ಬಟ್ಟೆಯಲ್ಲಿ, ಮನೆಯ ಮೆಟ್ಟಿಲ ಮೇಲೆ ತೆಗೆಸಿದ್ದು. ಒಂದು ಪ್ರತಿ ಮನೆಗೆ, ಒಂದು ಪ್ರತಿ ಸೈನ್ಯದಲ್ಲಿದ್ದ ದೊಡ್ಡಪ್ಪನಿಗೆ. ಪ್ರತಿಯೊಂದರ ಹಿಂದೆ ಅವನ ಅಜ್ಜ ಕನ್ನಡದಲ್ಲಿ ಬರೆದಿದ್ದಾರೆ: ಊರು, ಇಸವಿ, ಎಡದಿಂದ ಬಲಕ್ಕೆ ಹೆಸರುಗಳು. ಆ ವರ್ಷ ಬಂದಿರದವರ ಹೆಸರೂ ಕೊನೇಲಿ ಇದೆ, "ಬಂದಿಲ್ಲ" ಅಂತ. ಅರವತ್ತು ವರ್ಷ ಹಳೆಯ ಫೋಟೊದಲ್ಲಿರೋ ಪ್ರತಿಯೊಬ್ಬರ ಹೆಸರನ್ನ ನನ್ನ ಗೆಳೆಯ ಓದಿ ಹೇಳಿದ.

"ಹದಿನೈದು ವರ್ಷದ ಹಿಂದಿನದ್ದು ತೋರಿಸು" ಅಂದೆ. ಅವು ಒಂದು ಸೀಡಿಯಲ್ಲಿದ್ದವಂತೆ. ಸೀಡಿ ಈಗ ಓಡಲ್ಲ.

ನಮ್ಮ ಮನೆಯ ಕಥೆ ಇದಕ್ಕಿಂತ ಬೇರೆ. ಸೇಡಂನಲ್ಲಿ ನಡುಮನೆಯ ಗೋಡೆ ಮೇಲೆ ಒಂದು ದೊಡ್ಡ ಗುಂಪು ಫೋಟೊ ಇದೆ, ಹದಿಮೂರು ಜನ. ಹಿಂಬದಿ ಖಾಲಿ. ಏಳು ಜನರ ಗುರುತು ಅಪ್ಪನಿಗಿದೆ. ಉಳಿದ ಆರು ಜನ ಯಾರು ಅಂತ ಹೇಳಬಲ್ಲವರು ಈಗ ಒಬ್ಬರೇ, ನಮ್ಮ ಅಜ್ಜಿ. ಅವರಿಗೆ ಎಂಬತ್ತೇಳು. ಈ ಸಲ ಹೋದಾಗ ಫೋಟೊದ ಒಂದು ಪ್ರತಿ ತಗೊಂಡು ಅವರ ಪಕ್ಕ ಕೂರೋದು ನನ್ನ ಮೊದಲ ಕೆಲಸ. ನಿಮ್ಮ ಮನೇಲೂ ಇಂಥ ಒಂದು ಫೋಟೊ, ಇಂಥ ಒಬ್ಬರು ಇದ್ದಾರೆ ಅಂತ ನನಗೆ ಅನುಮಾನವೇ ಇಲ್ಲ.

ಈ ಡಿಸೆಂಬರಿಗೆ ಆರು ಐಡಿಯಾ

ಸರಿ, ಕೇಳಿದ ಪ್ರಶ್ನೆಗೆ ಉತ್ತರ. ಎಲ್ಲವೂ ಮೇಲಿನ ಇತಿಹಾಸದಿಂದ ಎತ್ತಿದ್ದೇ.

1. ಕೋಲ್ ಥರ ಮೂರು ಚೌಕಟ್ಟು. ಮಧ್ಯದಲ್ಲಿ ಊಟಕ್ಕೆ ಕೂತ ನೀವು. ಎಡಕ್ಕೆ ಊರಿನ ಮನೆ, ಬಲಕ್ಕೆ ಇಲ್ಲಿನ ಮನೆ. ಅಥವಾ ಆತನಂತೆಯೇ, ಆ ವರ್ಷ ನೀವು ಬೇರೆಯವರಿಗಾಗಿ ಮಾಡಿದ ಎರಡು ಕೆಲಸ.

2. ದಿಸ್ದೇರಿ ಥರ ಎಂಟು ಚಿಕ್ಕ ಫೋಟೊ. ಒಂದೇ ಜಾಗ, ಒಂದೇ ಕುರ್ಚಿ, ಮನೆಯ ಒಬ್ಬೊಬ್ಬರೇ ಬಂದು ಕೂರೋದು. ಮಗು ನಗಲಿ, ಅಳಲಿ, ಎದ್ದು ಓಡಲಿ, ಎಲ್ಲವೂ ಇರಲಿ. ಎಲ್ಲರೂ ಒಂದೇ ಸಲ ಕ್ಯಾಮೆರಾ ನೋಡಬೇಕು ಅನ್ನೋ ಒದ್ದಾಟ ತಪ್ಪುತ್ತೆ. ಬರೋ ವರ್ಷ ಅದೇ ಕುರ್ಚಿ ಬಳಸಿ. ಮಕ್ಕಳ ಎತ್ತರಕ್ಕೆ ಅದೇ ಅಳತೆಗೋಲು.

3. ಆನಿ ಓಕ್ಲಿ ಥರ ಎರಡೂ ಊರಿನ ಬಟ್ಟೆ. ಅಮ್ಮ ಇಳಕಲ್ ಸೀರೆ, ಮಗಳು ಪೋಚಂಪಲ್ಲಿ. ಕೆಂಪು-ಹಸಿರು ಅದರಲ್ಲೇ ಸಿಗುತ್ತೆ, ಟೋಪಿ ಬೇಡ.

4. ದಾರಿಯ ಫೋಟೊ. ದಸರಾಗೋ ದೀಪಾವಳಿಗೋ ರೈಲಲ್ಲಿ ಊರಿಗೆ ಹೋಗುವಾಗ, ನಿಮ್ಮ ದಾರಿಯಲ್ಲಿ ಕನ್ನಡದಲ್ಲಿ ಬರೆದ ಮೊದಲ ಬೋರ್ಡು ಬರೋ ಜಾಗ ಗೊತ್ತಿರುತ್ತಲ್ಲ, ಅಲ್ಲಿ ಕಿಟಕಿಯಿಂದ ಒಂದು ಫೋಟೊ. ನಮಗೆ ನಮ್ಮ ಕ್ರಿಸ್ಮಸ್ ನಕ್ಷತ್ರ ಅದೇ.

5. ಇಲ್ಲದವರಿಗೆ ಜಾಗ. ಆನ್‌ಸೈಟ್ ಇರೋ ಅಣ್ಣ, ಊರಲ್ಲಿರೋ ಅಜ್ಜ. ಅವರ ಫೋಟೊ ಕೈಯಲ್ಲಿ ಹಿಡೀರಿ, ಇಲ್ಲಾ ವಿಡಿಯೊ ಕಾಲ್ ಓಡ್ತಿರೋ ಟ್ಯಾಬನ್ನ ಮಡಿಲಲ್ಲಿ ಇಟ್ಕೊಳ್ಳಿ. ಹಳೇ ಸ್ಟುಡಿಯೊದ ದುಂಡು ಚೌಕಟ್ಟಿನ ಇಂದಿನ ರೂಪ ಇದು.

6. ಮನೆ ನಡೆಸೋರೂ ಇರಲಿ. ಮಗು ನೋಡ್ಕೊಳ್ಳೋ ಅಕ್ಕ, ಅಡುಗೆಯ ಅಮ್ಮ, ವಾಚ್‌ಮನ್ ತಾತ. ಅವರಿಗೆ ಒಪ್ಪಿಗೆ ಇದ್ರೆ ಮಾತ್ರ, ಅಂಚಿನಲ್ಲಿ ನಿಲ್ಲಿಸದೆ, ನಡುವೆ ಕೂರಿಸಿ. ಹಿಂದೆ ಅವರ ಪೂರ್ತಿ ಹೆಸರು ಬರೀರಿ. ಒಂದು ಪ್ರತಿ ಅವರ ಕೈಗೂ ಕೊಡಿ. ನೂರು ವರ್ಷದ ಹಿಂದೆ ಆಗದೇ ಹೋದದ್ದು ಇವತ್ತು ಎರಡು ನಿಮಿಷದ ಕೆಲಸ.

ತಾಂತ್ರಿಕ ಮಾತು ನಾಲ್ಕೇ ನಾಲ್ಕು. ನಾಲ್ಕಕ್ಕೆ ಆರು ಇಂಚಿನ ಕಾರ್ಡಿಗೆ 1200ಕ್ಕೆ 1800 ಪಿಕ್ಸೆಲ್ ಇರಬೇಕು. ಪ್ರಿಂಟ್ ಅಂಗಡಿಗೆ ವಾಟ್ಸಾಪಿನಲ್ಲಿ ಕಳಿಸೋದಾದ್ರೆ ಡಾಕ್ಯುಮೆಂಟ್ ಆಗಿ ಕಳಿಸಿ. ಹೊಳಪಿನ ಫೋಟೊ ಕಾಗದದ ಹಿಂಬದಿಯಲ್ಲಿ ಪ್ಲಾಸ್ಟಿಕ್ ಲೇಪ ಇರೋದರಿಂದ ಪೆನ್ಸಿಲ್ ಹಿಡಿಯಲ್ಲ, ಸಣ್ಣ ಮೊನೆಯ ಪರ್ಮನೆಂಟ್ ಮಾರ್ಕರಿನಲ್ಲಿ ಬರೆದು ಒಣಗೋಕೆ ಬಿಡಿ. ಬಾಲ್ ಪೆನ್ನು ಒತ್ತಿ ಬರೆದ್ರೆ ಮುಂದಿನ ಮುಖದ ಮೇಲೆ ಗೀರು ಏಳುತ್ತೆ, ಅದು ಬೇಡ.

ಹಿಂಬದಿಯಲ್ಲಿ ಏನು ಬರೀಬೇಕು? ಎಡದಿಂದ ಬಲಕ್ಕೆ ಹೆಸರು, ಮಕ್ಕಳ ವಯಸ್ಸು, ಬೇಗಂಪೇಟೆ, ಹೈದರಾಬಾದ್, ಡಿಸೆಂಬರ್, ಇಸವಿ. ಬಂದಿರದವರ ಹೆಸರು ಕೊನೇಲಿ. ಕನ್ನಡದಲ್ಲೇ ಬರೀರಿ. ಇಲ್ಲಿ ತೆಲುಗು ಶಾಲೆ, ಇಂಗ್ಲಿಷ್ ಶಾಲೆ ಅಂತ ಓದೋ ನಮ್ಮ ಮಕ್ಕಳಿಗೆ, ಅಪ್ಪ-ಅಮ್ಮನ ಕೈಬರಹದ ಕನ್ನಡ ಸಿಗೋ ಜಾಗಗಳು ತುಂಬಾ ಕಡಿಮೆ ಆಗ್ತಿವೆ.

ಸಾಧ್ಯವಾದ್ರೆ ಮೂರು ಪ್ರತಿ ಹಾಕಿಸಿ. ಒಂದು ಊರಿಗೆ ಅಂಚೆಯಲ್ಲಿ, ಒಂದು ಮನೆಯ ಡಬ್ಬಿಗೆ, ಇನ್ನೊಂದು ಫೋಟೊದಲ್ಲಿ ನಿಮ್ಮ ಜೊತೆ ಕೂತವರಿಗೆ. ಮುಂದಿನ ವಾರದ ಸಂಚಿಕೆಯಲ್ಲಿ ನಿಜಾಮರ ಅಂಚೆ ಚೀಟಿಗಳ ಮೇಲೆ ಎಷ್ಟು ಲಿಪಿಗಳಿದ್ದವು ಅನ್ನೋದರ ಬಗ್ಗೆ ಮಾತಾಡೋಣ. ಅಲ್ಲಿವರೆಗೆ ನಮಸ್ಕಾರ, ಹಬ್ಬ ಆಚರಿಸೋರಿಗೆ ಕ್ರಿಸ್ಮಸ್ ಶುಭಾಶಯ.